ನಿವೃತ್ತಿಗೆ ಮೊದಲು ಚರ್ಚಿನ ರಿಜಿಸ್ಟರ್ ಸರಿಮಾಡಿದ್ದು: ನನ್ನ ಅನುಭವ

ನಮ್ಮ ಚರ್ಚಿನ ಹಸ್ತಾಂತರ ಒಂದೇ ಬೆಳಿಗ್ಗೆಯಲ್ಲಿ ಮುಗಿಯಿತು. ಹೊಸ ಫಾದರ್ 9 ಗಂಟೆಗೆ ಕೂತರು, ಊಟದ ಹೊತ್ತಿಗೆ ಸಹಿ ಹಾಕಿ ಎದ್ದರು. ವಾಳೆಗಳ (ಚರ್ಚಿನ ವಾರ್ಡುಗಳ) ಮುಖಂಡರಾದ ಗುರಿಕಾರರ ಜೊತೆ ಕೂತು ಜ್ಞಾನಸ್ನಾನದ (ಬ್ಯಾಪ್ಟಿಸಂ) ಹಳೆಯ ರಿಜಿಸ್ಟರ್ ಸರಿಮಾಡುವ ಯೋಜನೆಯನ್ನು ವಲಯದ ಗುರುಗಳ ಸಭೆಯಲ್ಲಿ ಮೊದಲು ಹೇಳಿದಾಗ ಯಾರೂ ನಂಬಿರಲಿಲ್ಲ. "ಗುರಿಕಾರರನ್ನು ರಿಜಿಸ್ಟರ್ ಹತ್ತಿರ ಬಿಟ್ಟರೆ ಊರಲ್ಲಿ ಜಗಳ ಗ್ಯಾರಂಟಿ" ಅಂದರು ಒಬ್ಬರು. ಜಗಳ ಆಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಚರ್ಚಿನ ಗುರುಗಳು 75 ವರ್ಷ ತುಂಬಿದಾಗ ಬಿಷಪರಿಗೆ ರಾಜೀನಾಮೆ ಪತ್ರ ಕೊಡಬೇಕು ಅನ್ನುವುದು ನಿಮಗೆಲ್ಲ ಗೊತ್ತು. ನಾನು 73ಕ್ಕೇ ತಯಾರಿ ಶುರುಮಾಡಿದೆ. ಉಡುಪಿ ಕಡೆಯ ಹಳ್ಳಿ ಚರ್ಚ್, ಸುಮಾರು 250 ಮನೆ, ಹನ್ನೆರಡೋ ಹದಿಮೂರೋ ವಾಳೆ. ಮಸ್ಕತ್‌ನಿಂದ ಯಾರೋ ಫೋನ್ ಮಾಡಿ "ಫಾದರ್, ಮದುವೆಗೆ ಜ್ಞಾನಸ್ನಾನದ ಪತ್ರ ಬೇಕು" ಅಂದರೆ ಅರ್ಧ ದಿನ ಹುಡುಕಾಟ. ಹೆಸರಿನ ಪಟ್ಟಿಯೇ ಇರಲಿಲ್ಲ. 2012ರಲ್ಲಿ ಮಂಗಳೂರಿನಿಂದ ಉಡುಪಿ ಧರ್ಮಪ್ರಾಂತ್ಯ ಬೇರೆಯಾದ ಮೇಲೆ ನಮ್ಮಲ್ಲಿ ಜ್ಞಾನಸ್ನಾನ ಪಡೆದವರ ಮದುವೆ ಆಯಿತೆಂದು ಬೇರೆ ಚರ್ಚುಗಳಿಂದ ಬಂದ ಚೀಟಿಗಳು ಒಂದು ಬಿಸ್ಕತ್ ಡಬ್ಬದಲ್ಲಿ ಉಳಿದಿದ್ದವು. ಜ್ಞಾನಸ್ನಾನದ ಪುಸ್ತಕದ ಅಂಚಿನಲ್ಲಿ ಅವು ದಾಖಲಾಗಬೇಕಿತ್ತು, ಅಲ್ವಾ?

ಮೊದಲು ಪೇಟೆಯ ಒಂದು ಡಿಟಿಪಿ ಅಂಗಡಿಯಿಂದ ಹುಡುಗನನ್ನು ಕರೆಸಿದೆ. ಆಫೀಸಿನಲ್ಲೇ ಕೂತು ಟೈಪ್ ಮಾಡಿದ. ಹದಿನೆಂಟು ಸಾವಿರದಷ್ಟು ಕೊಟ್ಟಿದ್ದು ನೆನಪು. ಹಳೆಯ ಪುಸ್ತಕ ಲ್ಯಾಟಿನ್‌ನಲ್ಲಿದೆ. 7 ಹಾಕಿ ಪಕ್ಕದಲ್ಲಿ 'ಬ್ರಿಸ್' ಅಂತ ಬರೆದಿದ್ದರೆ ಅದು ಸೆಪ್ಟೆಂಬರ್ (ಲ್ಯಾಟಿನ್‌ನಲ್ಲಿ ಸೆಪ್ಟೆಮ್ ಅಂದರೆ ಏಳು). ರೋಮನ್ ಹತ್ತು ಹಾಕಿ 'ಬ್ರಿಸ್' ಬರೆದಿದ್ದರೆ ಡಿಸೆಂಬರ್. ಅವನು ಸೆಪ್ಟೆಂಬರ್‌ನವರನ್ನೆಲ್ಲ ಜುಲೈಗೆ, ಡಿಸೆಂಬರ್‌ನವರನ್ನೆಲ್ಲ ಅಕ್ಟೋಬರ್‌ಗೆ ಹಾಕಿಬಿಟ್ಟ. ದುಡ್ಡು ನೀರಲ್ಲಿ ಹೋಯಿತು. ಆಮೇಲೆ ಯುವಕರ ಸಂಘಕ್ಕೆ ಒಪ್ಪಿಸಿದೆ. ಉತ್ಸಾಹವೇನೋ ಇತ್ತು. ವಾರ್ಷಿಕ ಹಬ್ಬದ ಕೆಲಸ ಬಂತು, ಅಲ್ಲಿಗೆ ನಿಂತಿತು.

ಕೊನೆಗೆ ಕೆಲಸ ಮಾಡಿದ್ದು ನನ್ನದೇ ದಾರಿ. ಭಾನುವಾರ ಮೊದಲ ಪೂಜೆ ಮುಗಿದ ಮೇಲೆ ಒಂದು ವಾಳೆಯವರು ಆಫೀಸಿಗೆ ಬರಬೇಕು. ಗುರಿಕಾರ, ಜೊತೆಗೆ ಆ ವಾಳೆಯ ಒಬ್ಬರು ಹಿರಿಯರು. ನಾನು ಲ್ಯಾಟಿನ್ ಓದಿ ಹೇಳುವುದು, ಅವರು ಮನೆ ಗುರುತಿಸುವುದು, ನಿವೃತ್ತ ಟೀಚರೊಬ್ಬರು ಬರೆದುಕೊಳ್ಳುವುದು. ಒಂದೇ ಹೆಸರಿನ ನಾಲ್ಕೈದು ಡಿಸೋಜರಿದ್ದರೆ ಪುಸ್ತಕ ನೋಡಿ ಯಾರು ಯಾರೆಂದು ಹೇಳಲಾಗುವುದಿಲ್ಲ. "ಅವನು ಬಾವಿಕರೆ ಮನೆಯವನು, ಇವನು ಗುಡ್ಡೆ ಮನೆಯವನು" ಅಂತ ಅಜ್ಜಿಯಂದಿರು ಹೇಳುತ್ತಾರೆ. ಡಿಟಿಪಿ ಹುಡುಗನ ತಪ್ಪು ಸಿಕ್ಕಿದ್ದೂ ಹೀಗೆಯೇ. ಅವನ ಪಟ್ಟಿ ಓದುತ್ತಿದ್ದಾಗ ಒಬ್ಬ ಗುರಿಕಾರರು ತಡೆದರು. "ಫಾದರ್, ನಮ್ಮ ಅಜ್ಜ ಕ್ರಿಸ್ಮಸ್ ದಿನ ಹುಟ್ಟಿದವರು, ಅದಕ್ಕೇ ನತಾಲ್ ಅಂತ ಹೆಸರಿಟ್ಟದ್ದು. ಅಕ್ಟೋಬರ್ ಹೇಗಾಗುತ್ತದೆ?"

ಎರಡು ಮಾತು ಗಟ್ಟಿಯಾಗಿ ಹಿಡಿದೆ. ಮೂಲ ಪುಸ್ತಕ ಆಫೀಸಿನ ಹೊಸಿಲು ದಾಟಬಾರದು. ತಂದೆಯ ಹೆಸರಿಲ್ಲದ ಮಕ್ಕಳ ದಾಖಲೆ ಬೇರೆ ಯಾರ ಕಣ್ಣಿಗೂ ಬೀಳಬಾರದು. ಅವನ್ನು ವಾರದ ದಿನಗಳಲ್ಲಿ ರಾತ್ರಿ ಕೂತು ನಾನೊಬ್ಬನೇ ಬರೆದೆ. ಜನ ನಂಬಿದ್ದು ಇದರಿಂದ. ಸಿಮೆಟ್ರಿ (ಸ್ಮಶಾನ) ಜಾಗದ ವಿಷಯಕ್ಕೆ ಮಾತು ಬಿಟ್ಟಿದ್ದ ಎರಡು ವಾಳೆಯವರನ್ನು ಒಂದೇ ಮೇಜಿಗೆ ಹೇಗೆ ಕೂರಿಸಿದೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಎದುರು ಸಿಕ್ಕರೆ ಹೇಳುತ್ತೇನೆ.

ಖರ್ಚು? ಚಹಾ ಮತ್ತು ಬನ್ಸ್‌ಗೆ ಒಟ್ಟು ಐದಾರು ಸಾವಿರ. ಸ್ಟೀಲ್ ಕಪಾಟಿಗೆ ಹನ್ನೊಂದು ಸಾವಿರ ಚಿಲ್ಲರೆ. ನಮ್ಮ ಮಳೆಗಾಲದಲ್ಲಿ ಕಪಾಟಿನೊಳಗೂ ಬೂಷ್ಟು ಬರುತ್ತದೆ. ಒಂದು ಖಾನೆಯಲ್ಲಿ ಒಣಗಿದ ಬೇವಿನ ಎಲೆ, ಇನ್ನೊಂದರಲ್ಲಿ ನುಸಿಗುಳಿಗೆ, ಮೂರನೆಯದರ ಮೂಲೆಯಲ್ಲಿ ಪುಸ್ತಕಕ್ಕೆ ತಾಗದ ಹಾಗೆ ಸಣ್ಣ ಬಲ್ಬ್ ಇಟ್ಟು ನೋಡಿದೆ. ಬೇವಿಗೆ ಹುಳ ದೂರವಾಯಿತು, ಬೂಷ್ಟು ಹೋಗಲಿಲ್ಲ. ಗುಳಿಗೆ ವಾಸನೆಗೆ ಟೀಚರಿಗೆ ತಲೆನೋವು. ಬಲ್ಬೇ ಗೆದ್ದಿತು.

ಪೂಜೆ ಹಣದ (ಹೆಸರು ಹೇಳಿ ಪೂಜೆ ಮಾಡಿಸಲು ಜನ ಕೊಡುವ ಕಾಣಿಕೆ) ವಿಷಯ ಜಾಸ್ತಿ ಸೂಕ್ಷ್ಮ. ಗಲ್ಫ್‌ನ ಮನೆಯವರು ಇಡೀ ವರ್ಷದ ಪೂಜೆಗೆ ಒಮ್ಮೆಲೇ ಕಳಿಸುತ್ತಾರೆ. ಒಂದು ವರ್ಷದೊಳಗೆ ಅರ್ಪಿಸಲಾಗದಷ್ಟು ಪೂಜೆಗೆ ಹಣ ತೆಗೆದುಕೊಳ್ಳಬಾರದು ಅನ್ನುವ ನಿಯಮ ನಮಗೆ ಗೊತ್ತಿದ್ದರೂ ಪುಸ್ತಕ ತುಂಬುತ್ತಲೇ ಇರುತ್ತದೆ. ನಾನು ಹೊರಡುವ ಆರು ತಿಂಗಳ ಮೊದಲೇ ಮುಂದಿನ ತಾರೀಕುಗಳಿಗೆ ಹಣ ತೆಗೆದುಕೊಳ್ಳುವುದನ್ನು ನಿಲ್ಲಿಸಿದೆ. ಪೂಜೆಯ ಪ್ರವಚನದ ಕೊನೆಗೆ ಕಾರಣವನ್ನೂ ಹೇಳಿದೆ. ಕೆಲವರಿಗೆ ಬೇಸರವಾಯಿತು. ಎರಡು ವಾರದಲ್ಲಿ ಸರಿಹೋಯಿತು. ಬಾಕಿ ಉಳಿದ ಪೂಜೆಗಳನ್ನು ತಾರೀಕು, ಹೆಸರು, ಮೊತ್ತದ ಸಮೇತ ಬರೆದು, ನಲವತ್ತು ಸಾವಿರದ ಹತ್ತಿರ ಹತ್ತಿರ ಹಣವನ್ನು ಹಣಕಾಸು ಸಮಿತಿಯ ಎದುರೇ ಹೊಸ ಫಾದರಿಗೆ ಎಣಿಸಿಕೊಟ್ಟೆ. ಇಷ್ಟು ವರ್ಷದ ಗುರುಜೀವನದಲ್ಲಿ ನಾನು ಹೀಗೆ ಯಾರಿಂದಲೂ ಪಡೆದಿರಲಿಲ್ಲ.

ಈಗ ಪತ್ರ ಬೇಕೆಂದರೆ ಐದು ನಿಮಿಷ ಸಾಕು. ಬಿಸ್ಕತ್ ಡಬ್ಬ ಖಾಲಿ. ಹೊಸ ಫಾದರ್ ಮೊದಲ ತಿಂಗಳಲ್ಲಿ ನನಗೆ ಫೋನ್ ಮಾಡಿದ್ದು ಒಂದೆರಡು ಸಲ, ಅದೂ ಪಂಪ್‌ಸೆಟ್ ವಿಷಯಕ್ಕೆ.

ಹಳೆಯ ಮರಣದ ಪುಸ್ತಕ ಇನ್ನೂ ಬಾಕಿ ಇದೆ. ಟೀಚರ್ ಮುಂದುವರಿಸುತ್ತಿದ್ದಾರೆ. ಓದಲಾಗದ ಸಾಲು ಬಂದರೆ ಹೊಸ ಫಾದರ್ ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಕಳಿಸುತ್ತಾರೆ, ನಿವೃತ್ತ ಗುರುಗಳ ನಿವಾಸದಲ್ಲಿ ಕೂತು ಓದಿ ಹೇಳುತ್ತೇನೆ. ನಿಮ್ಮ ಪುಸ್ತಕದಲ್ಲೂ ಲ್ಯಾಟಿನ್ ತೊಡಕಾದರೆ ನನಗೆ ಕಳಿಸಿ. ಸಂಜೆ ಜಪಮಾಲೆಗೆ ಮೊದಲು ನನಗೆ ಬಿಡುವಿರುತ್ತದೆ.