ಹಾಂಗ್‌ಕಾಂಗ್ ಹಸ್ತಾಂತರ: ಸಂವಿಧಾನದಲ್ಲಿ ಬ್ರಿಟನ್ ಕೈ ಎಲ್ಲೆಲ್ಲಿ ಆಡಿದೆ, ಹುಡುಕುವ ಕ್ರಮ

1997ರ ಜುಲೈ 1ರಂದು ಬ್ರಿಟನ್ ಹಾಂಗ್‌ಕಾಂಗನ್ನು ಚೀನಾಕ್ಕೆ ಒಪ್ಪಿಸಿತು. ಅದಕ್ಕೆ ಮುಂಚೆ ಹಾಂಗ್‌ಕಾಂಗ್‌ನ ಮುಂದಿನ ಸಂವಿಧಾನದ ಮೇಲೆ ಬ್ರಿಟನ್ ಎಷ್ಟು ಪ್ರಭಾವ ಬೀರಿತು? ಶಿವಮೊಗ್ಗದಲ್ಲಿ ಕೆಎಎಸ್, ಐಎಎಸ್‌ಗೆ ಓದುವವರಿಗೂ ಶಂಕರಘಟ್ಟದ ರಾಜ್ಯಶಾಸ್ತ್ರ ವಿದ್ಯಾರ್ಥಿಗಳಿಗೂ ಗೈಡಿನ ಎರಡು ಸಾಲು ಇದಕ್ಕೆ ಸಾಲದು. ದಾಖಲೆಗಳನ್ನೇ ಮುಂದಿಟ್ಟುಕೊಂಡು ಕೂರಬೇಕು.

ಬೇಕಾದ್ದು ಇಷ್ಟು: ಹಸ್ತಾಂತರಕ್ಕೆ ಬ್ರಿಟನ್ ಮತ್ತು ಚೀನಾ ಸಹಿ ಹಾಕಿದ 1984ರ ಡಿಸೆಂಬರ್ 19ರ ಜಂಟಿ ಘೋಷಣೆ, ಮೂರೂ ಅನುಬಂಧಗಳ ಸಮೇತ, ಹಾಂಗ್‌ಕಾಂಗ್‌ನ ಸಂವಿಧಾನವಾದ ‘ಬೇಸಿಕ್ ಲಾ’ದ 1988ರ ಏಪ್ರಿಲ್ ಮತ್ತು 1989ರ ಫೆಬ್ರುವರಿ ಕರಡುಗಳು, 1990ರ ಏಪ್ರಿಲ್ 4ರ ಅಂತಿಮ ಪಠ್ಯ. ‘ಬೇಸಿಕ್ ಲಾ’ದ ಈಗ ಸಿಗುವ ಪ್ರತಿಗಳಲ್ಲಿ ಮೊದಲೆರಡು ಅನುಬಂಧಗಳು 2021ರಲ್ಲಿ ಬದಲಾದ ರೂಪದಲ್ಲಿವೆ. ಹುಡುಕಿ 1990ರ ರೂಪವನ್ನೇ ಇಳಿಸಿಕೊಳ್ಳಿ, ಇಲ್ಲವಾದರೆ ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ.

ಉದ್ದನೆಯ ಹಾಳೆಯಲ್ಲಿ ನಾಲ್ಕು ಕಾಲಂ ಎಳೆದು ಒಂದೊಂದು ದಾಖಲೆಗೆ ಒಂದೊಂದು ಕೊಡಿ. 160 ವಿಧಿಗಳನ್ನೂ ಬರೆಯಲು ಹೋಗಬೇಡಿ. ಅಂತಿಮ ಪಠ್ಯದ 23, 45, 68, 158 ಸಾಕು.

ಮೊದಲು 23ನೇ ವಿಧಿ ತುಂಬಿ, ಹಾಳೆ ಯಾಕೆ ಬೇಕು ಅನ್ನುವುದು ಅಲ್ಲೇ ಗೊತ್ತಾಗುತ್ತದೆ. ಕೇಂದ್ರ ಸರ್ಕಾರವನ್ನು ಬುಡಮೇಲು ಮಾಡುವ ಕೃತ್ಯವನ್ನು ಕಾನೂನಿನಿಂದ ನಿಷೇಧಿಸಬೇಕೆಂಬ ಮಾತು 1988ರ ಕರಡಿನಲ್ಲಿದೆ, 1989ರ ಫೆಬ್ರುವರಿಯಲ್ಲಿ ಇಲ್ಲ, 1990ರಲ್ಲಿ ಮತ್ತೆ ಬಂದಿದೆ. ನಡುವೆ ನಡೆದದ್ದು 1989ರ ಜೂನಿನಲ್ಲಿ ಬೀಜಿಂಗ್‌ನ ತಿಯಾನನ್ಮೆನ್ ಚೌಕದ ಪ್ರತಿಭಟನೆಯನ್ನು ಸೇನೆ ಹತ್ತಿಕ್ಕಿದ್ದು. ಘೋಷಣೆಯನ್ನೂ ಅಂತಿಮ ಪಠ್ಯವನ್ನೂ ಮಾತ್ರ ಹೋಲಿಸಿದವರಿಗೆ ಈ ಏರಿಳಿತ ಕಾಣುವುದೇ ಇಲ್ಲ.

45 ಮತ್ತು 68ರಲ್ಲಿ ಸಾರ್ವತ್ರಿಕ ಮತದಾನ ‘ಅಂತಿಮ ಗುರಿ’. ಘೋಷಣೆಯಲ್ಲಿ ಆ ಮಾತಿಲ್ಲ. ಶಾಸಕಾಂಗ ಚುನಾವಣೆಯಿಂದ ರಚನೆಯಾಗಬೇಕು ಎಂದಷ್ಟೇ ಇದೆ. ಹಾಗಾಗಿ ಅದನ್ನು 1984ರ ಬ್ರಿಟಿಷ್ ಗೆಲುವು ಎಂದು ಬರೆಯಬೇಡಿ. ಇನ್ನು 158: ಕಾನೂನಿನ ಅರ್ಥ ಹೇಳುವ ಅಧಿಕಾರ ಬೀಜಿಂಗ್‌ನ ಸ್ಥಾಯಿ ಸಮಿತಿಗೆ, ಅಂದರೆ ಚೀನಾದ ರಾಷ್ಟ್ರೀಯ ಸಂಸತ್ತಿನ ಸ್ಥಾಯಿ ಸಮಿತಿಗೆ. ಘೋಷಣೆ ಅಂತಿಮ ತೀರ್ಪಿನ ಅಧಿಕಾರವನ್ನು ಹಾಂಗ್‌ಕಾಂಗ್‌ಗೆ ಕೊಟ್ಟಿತ್ತು, ಅರ್ಥ ಹೇಳುವವರು ಯಾರು ಎಂಬುದನ್ನು ಹೇಳಿರಲಿಲ್ಲ. ಬ್ರಿಟನ್ ಬಿಟ್ಟ ದೊಡ್ಡ ಸಂದು ಇದೇ.

ಹೆಚ್ಚಿನವರು ಎಡವುವುದು ಮಾತುಕತೆ ಎಲ್ಲಿ ನಡೆಯಿತು ಎಂಬಲ್ಲಿ. ಕರಡು ಸಮಿತಿಯ 59 ಜನರಲ್ಲಿ 36 ಮಂದಿ ಚೀನಾ ಮುಖ್ಯಭೂಮಿಯವರು, 23 ಮಂದಿ ಹಾಂಗ್‌ಕಾಂಗ್‌ನವರು. ಬ್ರಿಟಿಷ್ ಸರ್ಕಾರಕ್ಕೆ ಅಲ್ಲಿ ಕುರ್ಚಿ ಇರಲಿಲ್ಲ. ಚೌಕಾಸಿ ಪತ್ರಗಳಲ್ಲಿ ನಡೆಯಿತು. 1990ರ ಜನವರಿ, ಫೆಬ್ರುವರಿಯಲ್ಲಿ ವಿದೇಶಾಂಗ ಸಚಿವರಾದ ಬ್ರಿಟನ್ನಿನ ಡಗ್ಲಸ್ ಹರ್ಡ್ ಮತ್ತು ಚೀನಾದ ಚಿಯಾನ್ ಚಿಚೆನ್ ಬರೆದುಕೊಂಡ ಏಳು ಸಂದೇಶಗಳನ್ನು ಓದಿ. ಪ್ರಕಟವಾದದ್ದು 1992ರ ಅಕ್ಟೋಬರ್‌ನಲ್ಲಿ. 60 ಸ್ಥಾನಗಳ ಶಾಸಕಾಂಗದಲ್ಲಿ ನೇರ ಚುನಾವಣೆಯ ಸ್ಥಾನ 1991ಕ್ಕೆ 18, 1997ಕ್ಕೆ 20 ಎಂದು ಕುದುರಿದ್ದು ಅಲ್ಲೇ. ಈ 20ನ್ನು ‘ಬೇಸಿಕ್ ಲಾ’ದ ಎರಡನೇ ಅನುಬಂಧದಲ್ಲಿ ಹುಡುಕಿದರೆ ಸಿಗದು. ಅಲ್ಲಿರುವುದು ಎರಡನೇ ಅವಧಿಯ 24, ಮೂರನೆಯದರ 30. ಮೊದಲ ಶಾಸಕಾಂಗದ ಸಂಖ್ಯೆ ಅದೇ ಏಪ್ರಿಲ್ 4ರ ಪ್ರತ್ಯೇಕ ನಿರ್ಣಯದಲ್ಲಿದೆ.

ಕೊನೆಯ ಬ್ರಿಟಿಷ್ ಗವರ್ನರ್ ಪ್ಯಾಟನ್ 1992ರ ನಂತರ ತಂದ ಚುನಾವಣಾ ಸುಧಾರಣೆಗಳನ್ನು ಈ ಹಾಳೆಗೆ ತರಬೇಡಿ. ಅಷ್ಟರಲ್ಲಿ ‘ಬೇಸಿಕ್ ಲಾ’ ಅಂಗೀಕಾರವಾಗಿಯೇ ಎರಡು ವರ್ಷ ದಾಟಿತ್ತು.

ಅಭ್ಯಾಸಕ್ಕೆ ನಮ್ಮ ಮೈಸೂರಿನ 1881ರ ಹಸ್ತಾಂತರ ಪತ್ರ ಒಳ್ಳೆಯದು. ನಗರ ಪ್ರಾಂತ್ಯದ ರೈತರ ದಂಗೆಯ ಬೆನ್ನಲ್ಲೇ 1831ರಲ್ಲಿ ವಶಪಡಿಸಿಕೊಂಡ ಆಡಳಿತವನ್ನು ಬ್ರಿಟಿಷರು ವಾಪಸು ಕೊಡುವಾಗ, ಆಡಳಿತ ವ್ಯವಸ್ಥೆಯಲ್ಲಿ ಗಣನೀಯ ಬದಲಾವಣೆಗೆ ಗವರ್ನರ್ ಜನರಲ್ ಒಪ್ಪಿಗೆ ಬೇಕೆಂದು ಬರೆಸಿಕೊಂಡರು. ಆದರೆ ಅಲ್ಲಿ ಕೊಟ್ಟವರು ಮೇಲಿನ ಒಡೆಯರಾಗಿಯೇ ಉಳಿದರು. ಷರತ್ತು ಮುರಿದರೆ ರಾಜ್ಯವನ್ನು ಮತ್ತೆ ಕೈಗೆ ತೆಗೆದುಕೊಳ್ಳಬಹುದಿತ್ತು. ಜಂಟಿ ಘೋಷಣೆಯಲ್ಲಿ ಬ್ರಿಟನ್‌ಗೆ ಅಂಥ ಹಿಡಿತ ಇಲ್ಲ. ಎರಡನ್ನೂ ಒಂದೇ ತರಹದ ಹಸ್ತಾಂತರ ಎಂದು ಬರೆದರೆ ಅಂಕ ಹೋಗುತ್ತದೆ.