ಜೆಲ್ ಮೆತ್ತಗಿತ್ತು, ಸೆಲ್ ಕೆರಳಿತ್ತು: ನನ್ನ ಅನುಭವ

ಮೇಲಿನ ಕವರ್‌ಸ್ಲಿಪ್ ಎಬ್ಬಿಸುವಾಗ ನಾನು ಈಗಲೂ ಉಸಿರು ಬಿಗಿಹಿಡಿಯುತ್ತೇನೆ. ಎರಡು ತೆಳು ಗಾಜುಗಳ ನಡುವೆ, ಸೆಲ್‌ಗಳನ್ನು (ಜೀವಕೋಶಗಳನ್ನು) ಮೇಲೆ ಬಿಟ್ಟು ನೋಡಲೆಂದು ಮಾಡಿದ ಪಾಲಿಅಕ್ರಿಲಮೈಡ್ ಎಂಬ ಪಾಲಿಮರ್‌ನ ಜೆಲ್ ಹೆಪ್ಪುಗಟ್ಟಿರುತ್ತದೆ. ಬಫರ್ ಎಂಬ ಉಪ್ಪಿನ ದ್ರಾವಣದಲ್ಲಿ ಮುಳುಗಿಸಿಕೊಂಡೇ ಅಂಚಿಗೆ ಬ್ಲೇಡಿನ ತುದಿ ಕೊಟ್ಟು ಮೆಲ್ಲಗೆ ಮೀಟಬೇಕು. ಅವಸರ ಮಾಡಿದರೆ ಎಳನೀರಿನ ತೆಳು ಗಂಜಿಯಂತೆ ಹರಿದುಬಿಡುತ್ತದೆ. 3% ಅಕ್ರಿಲಮೈಡ್‌ಗೆ, ಅದರ ಎಳೆಗಳನ್ನು ಬೆಸೆಯುವ ಬಿಸ್ ಎಂಬ ರಾಸಾಯನಿಕ 0.06% ಹಾಕಿದರೆ ಗಡಸುತನ ಸುಮಾರು 0.5 ಕಿಲೋಪ್ಯಾಸ್ಕಲ್, ಹೆಚ್ಚುಕಡಿಮೆ ಮಿದುಳಿನಷ್ಟು ಮೆತ್ತಗೆ. 8%ಕ್ಕೆ 0.48% ಹಾಕಿದರೆ 40ರ ಆಸುಪಾಸು. ನಾವು ದಿನಾ ಸೆಲ್ ಬೆಳೆಸುವ ಪ್ಲಾಸ್ಟಿಕ್ ತಟ್ಟೆಯದು ಗಿಗಾಪ್ಯಾಸ್ಕಲ್ (ಹತ್ತು ಲಕ್ಷ ಕಿಲೋಪ್ಯಾಸ್ಕಲ್) ಲೆಕ್ಕ. ದೇಹದ ಯಾವ ಮೆತ್ತನೆ ಭಾಗಕ್ಕೂ ಅದರ ಹೋಲಿಕೆಯಿಲ್ಲ.

ನಾನು ನೋಡುತ್ತಿದ್ದುದು, ಕಾಲಡಿಯ ಗಡಸುತನ ಬದಲಾದರೆ ಮ್ಯಾಕ್ರೋಫೇಜ್‌ಗಳು (ಹೊರಗಿನಿಂದ ಬಂದದ್ದನ್ನು ನುಂಗುವ ರಕ್ಷಣಾ ಸೆಲ್‌ಗಳು) ಹೇಗೆ ವರ್ತಿಸುತ್ತವೆ ಎಂದು. ದೇಹಕ್ಕೆ ಇಂಪ್ಲಾಂಟ್ ಹಾಕಿದರೆ ಅದರ ಮೇಲೆ ಬೀಡುಬಿಟ್ಟು, ನುಂಗಲಾಗದಿದ್ದರೆ ಒಂದಕ್ಕೊಂದು ಬೆಸೆದುಕೊಂಡು, ಸುತ್ತ ನಾರಿನ ಗೋಡೆ ಏಳಲು ಕಾರಣವಾಗುವ ಸೆಲ್‌ಗಳಿವು. ಕಾಲಡಿಯ ನೆಲ ಗಟ್ಟಿಯೋ ಮೆತ್ತಗೋ ಎಂದು ಜಗ್ಗಿ ನೋಡಿ ತಿಳಿಯುತ್ತವೆ: ಹೊರಗೆ ಇಂಟಿಗ್ರಿನ್ ಎಂಬ ಪ್ರೋಟೀನಿನ ಹಿಡಿಕೆ, ಒಳಗೆ ಆಕ್ಟಿನ್ ಎಂಬ ಪ್ರೋಟೀನಿನ ಎಳೆ. ಗೂಟಕ್ಕೆ ಹಗ್ಗ ಕಟ್ಟಿ ಎಳೆದರೆ ಅದು ಅಲ್ಲಾಡಿತೋ ಇಲ್ಲವೋ ಕೈಗೇ ಗೊತ್ತಾಗುತ್ತದಲ್ಲ, ಹಾಗೆ. ಪೊರೆಯಲ್ಲಿ ಪೀಜೋ1 ಎಂಬ ಕಾಲುವೆಯೂ ಇದೆ. ಪೊರೆ ಬಿಗಿದರೆ ಅದು ಬಾಯ್ತೆರೆದು ಕ್ಯಾಲ್ಸಿಯಂ ಒಳಬಿಡುತ್ತದೆ. 2010ರಲ್ಲಿ ಇದನ್ನು ಪತ್ತೆಹಚ್ಚಿದ್ದು ಆರ್ಡೆಮ್ ಪಟಪೂಟಿಯನ್ ಅವರ ತಂಡ. 2021ರ ನೊಬೆಲ್‌ನಲ್ಲಿ ಅವರಿಗೂ ಪಾಲು ಸಿಕ್ಕಿತು.

ಇಲಿಯ ಮೂಳೆಮಜ್ಜೆಯಿಂದ ಏಳು ದಿನ ಬೆಳೆಸಿದ ಮ್ಯಾಕ್ರೋಫೇಜ್‌ಗಳನ್ನು ಎರಡೂ ಬಗೆಯ ಜೆಲ್ ಮೇಲೆ ಬಿಟ್ಟೆ. ಗಟ್ಟಿಯದರ ಮೇಲೆ ಅಗಲವಾಗಿ ಹರಡಿದವು, ಮೆತ್ತನೆಯದರ ಮೇಲೆ ಗುಂಡಗೇ ಉಳಿದವು. ಅಲ್ಲಿಗೆ ಸರಿ. ಆದರೆ ಉರಿಯೂತದ ಗುರುತಾದ ಟಿಎನ್‌ಎಫ್ ಎಂಬ ಪ್ರೋಟೀನ್ ಮೆತ್ತನೆ ಜೆಲ್‌ನಲ್ಲೇ ಹೆಚ್ಚು ಬಂತು, ಮೂರು ಸಲವೂ. ಹೊಸದೇನೋ ಸಿಕ್ಕಿತೆಂದು ಹಿಗ್ಗಿ ಗ್ರಾಫ್ ಬರೆದಿಟ್ಟೆ.

ಲ್ಯಾಬಿನ ಹಿರಿಯಕ್ಕ ಅದನ್ನು ನೋಡಿ, "ಎಂಡೋಟಾಕ್ಸಿನ್ ಚೆಕ್ ಮಾಡಿದ್ಯಾ?" ಅಂದರು.

"ಎಲ್ಲಾ ಆಟೋಕ್ಲೇವ್ ಮಾಡಿದೀನಲ್ಲ ಅಕ್ಕ."

"ಆ ಹಬೆ ಬಿಸೀಲಿ ಬ್ಯಾಕ್ಟೀರಿಯಾ ಸಾಯುತ್ತೆ ಕಣೆ. ಅದರ ಸಿಪ್ಪೆ ಎಲ್ಲಿ ಹೋಗುತ್ತೆ?"

ಆ ಸಿಪ್ಪೆಯೇ ಎಂಡೋಟಾಕ್ಸಿನ್, ಅಂದರೆ ಎಲ್‌ಪಿಎಸ್: ಕೆಲವು ಬಗೆಯ ಬ್ಯಾಕ್ಟೀರಿಯಾದ ಹೊರಪೊರೆಯ ತುಣುಕು. ಮ್ಯಾಕ್ರೋಫೇಜ್ ಕೆರಳಲು ಅದರ ಚೂರೇಚೂರು ಸಾಕು. ಅದನ್ನು ಕಟ್ಟಿಹಾಕುವ ಪಾಲಿಮಿಕ್ಸಿನ್ ಬಿ ಸೇರಿಸಿ ಮತ್ತೆ ಮಾಡಿದೆ. ಮೆತ್ತನೆ ಜೆಲ್‌ನ ಟಿಎನ್‌ಎಫ್ ನೆಲಕಚ್ಚಿತು. ಪಾಲಿಮಿಕ್ಸಿನ್‌ಗೂ ಗಡಸುತನಕ್ಕೂ ಯಾವ ಸಂಬಂಧವೂ ಇಲ್ಲ.

ನೋಟ್‌ಬುಕ್ ತಿರುವಿದಾಗ ಕಾರಣ ಸಿಕ್ಕಿತು. ಮೆತ್ತನೆ ಜೆಲ್ ಎಬ್ಬಿಸುವುದು ಕಷ್ಟವೆಂದು ಪ್ರತಿಸಲವೂ ಅವನ್ನು ಶುಕ್ರವಾರವೇ ಮಾಡಿ, ಮೂರು ದಿನ ಫ್ರಿಜ್‌ನಲ್ಲಿ ಬಫರಿಗೆ ಹಾಕಿಡುತ್ತಿದ್ದೆ. ಗಟ್ಟಿಯವು ಒಂದೇ ರಾತ್ರಿ ನೆನೆಯುತ್ತಿದ್ದವು. ಬಫರು ಒಂದೇ ಬಾಟಲಿಯದು. ಹಾರ್ಸ್‌ಶೂ ಏಡಿಯ ರಕ್ತದಿಂದ ತಯಾರಿಸುವ, ಎಂಡೋಟಾಕ್ಸಿನ್ ಪತ್ತೆಹಚ್ಚುವ ಎಲ್‌ಎಎಲ್ ಪರೀಕ್ಷೆಗೆ ಕೊಟ್ಟಾಗ ತಪ್ಪು ಆ ಬಾಟಲಿಯದೇ ಎಂದು ಖಚಿತವಾಯಿತು. ಎರಡು ತಿಂಗಳ ಕೆಲಸ ಹೋಯಿತು. ಅಂದು ಮನೆಗೆ ಹೋಗಿ ಯಾರೊಂದಿಗೂ ಮಾತಾಡಲಿಲ್ಲ.

ಮತ್ತೆ ಮೊದಲಿನಿಂದ. ಎಲ್‌ಪಿಎಸ್ ಹಾಳಾಗಲೆಂದು ಗಾಜಿನ ಸಾಮಾನನ್ನು 250 ಡಿಗ್ರಿ ಒಣಶಾಖದಲ್ಲಿ ಅರ್ಧ ಗಂಟೆ ಇಟ್ಟೆ, ಬಫರು ಹೊಸದು ತಂದೆ, ಎಲ್ಲ ಜೆಲ್‌ಗಳನ್ನೂ ಒಂದೇ ದಿನ ಮಾಡಿ ಒಂದೇ ಹೊತ್ತು ನೆನೆಸಿದೆ. ಸೆಲ್‌ಗಳು ಅಂಟಿಕೊಳ್ಳಲೆಂದು ಮೇಲೆ ಹಚ್ಚಿದ ಕೊಲಾಜೆನ್ ಎಂಬ ಪ್ರೋಟೀನ್ ಎರಡರಲ್ಲೂ ಸಮನಾಗಿ ಕೂತಿದೆಯೇ ಎಂದೂ ನೋಡಿಕೊಂಡೆ. ಈ ಸಲ ಎರಡೂ ಕಡೆ ಸೆಲ್‌ಗಳು ಸುಮ್ಮನಿದ್ದವು. ಆಮೇಲೆ ನಾನೇ ಅಳೆದು ಎಲ್‌ಪಿಎಸ್ ಕೊಟ್ಟಾಗ ಗಟ್ಟಿ ಜೆಲ್ ಮೇಲಿನವೇ ಹೆಚ್ಚು ಟಿಎನ್‌ಎಫ್ ಬಿಟ್ಟವು. ಟರಾಂಟುಲಾ ಜೇಡದ ವಿಷದಿಂದ ಬಂದ, ಪೀಜೋ ಕಾಲುವೆಯನ್ನು ತಡೆಯುವ ಪೆಪ್ಟೈಡ್ (ಪುಟ್ಟ ಪ್ರೋಟೀನ್) ಹಾಕಿದಾಗ ಆ ಅಂತರ ಕುಗ್ಗಿತು.

ಈಗ ಆಲ್ಜಿನೇಟ್ ಜೆಲ್ ಹಿಡಿದಿದ್ದೇನೆ. ದೇಹದ ಅಂಗಾಂಶದಂತೆ ಅದು ಒತ್ತಡಕ್ಕೆ ನಿಧಾನವಾಗಿ ಮಣಿಯುತ್ತದೆ. ಕಡಲಪಾಚಿಯಿಂದ ಬರುವ ವಸ್ತುವಾದ್ದರಿಂದ ಶುದ್ಧೀಕರಿಸದಿದ್ದರೆ ಎಂಡೋಟಾಕ್ಸಿನ್ ಕಾಟ ಇದ್ದದ್ದೇ. ಸಾಲದ್ದಕ್ಕೆ ಜೆಲ್ ಕಟ್ಟಲು ಹಾಕುವ ಕ್ಯಾಲ್ಸಿಯಂ ಸೋರಿ ತಾನೇ ಸೆಲ್‌ಗಳನ್ನು ಕೆರಳಿಸಬಲ್ಲದು. ಹಾಗಾಗಿ ಈ ವಾರ ಸೆಲ್ ಮುಟ್ಟಿಲ್ಲ, ಬರೀ ಜೆಲ್ ತೊಳೆದ ನೀರನ್ನು ಅಳೆಯುತ್ತಿದ್ದೇನೆ.