ಜೀನ್, ಕಾಯಿಲೆ, ಕೋಶದ ಸ್ಟ್ರೆಸ್: ಇಂಥ ಸಂಶೋಧನೆಯನ್ನು ಓದುವುದು ಹೇಗೆ?

"ಈ ಜೀನ್ ಕೆಟ್ಟರೆ ಜೀವಕೋಶಕ್ಕೆ ಸ್ಟ್ರೆಸ್ ಆಗುತ್ತದೆ, ಅದರಿಂದಲೇ ಈ ಕಾಯಿಲೆ ಬರುತ್ತದೆ." ಈ ಥರದ ಸಂಶೋಧನೆ ಆಗಾಗ ಕಣ್ಣಿಗೆ ಬೀಳುತ್ತಿರುತ್ತದೆ. ಮನೆಯಲ್ಲಿ ಯಾರಿಗಾದರೂ ಆ ಕಾಯಿಲೆ ಇದ್ದರಂತೂ ಓದದೆ ಬಿಡುವುದಕ್ಕೆ ಆಗುವುದಿಲ್ಲ. ಖಂಡಿತ ಓದಿ. ಆದರೆ ಅದರಲ್ಲಿ ಎರಡು ಬೇರೆ ಬೇರೆ ಮಾತುಗಳಿವೆ ಅನ್ನುವುದನ್ನು ಮೊದಲೇ ತಲೆಯಲ್ಲಿಟ್ಟುಕೊಳ್ಳಿ. ಜೀನ್‌ಗೂ ಕಾಯಿಲೆಗೂ ಸಂಬಂಧ ಇದೆ ಅನ್ನುವುದು ಒಂದು. ಆ ಸಂಬಂಧ ಸ್ಟ್ರೆಸ್ ಮೂಲಕವೇ ಆಗುತ್ತದೆ ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ಗಟ್ಟಿ ಪುರಾವೆ ಇದ್ದ ಮಾತ್ರಕ್ಕೆ ಎರಡನೆಯದೂ ನಿಜ ಆಗುವುದಿಲ್ಲ, ಅಲ್ವಾ? ಎರಡಕ್ಕೂ ಬೇರೆ ಬೇರೆ ಪುರಾವೆ ಕೇಳಬೇಕು.

ಸುಮ್ನೆ ಹೇಳಿದರೆ ತಲೆಗೆ ಹೋಗುವುದಿಲ್ಲ, ಹಾಗಾಗಿ ಒಂದು ಜೀನ್ ಇಟ್ಟುಕೊಂಡೇ ಹೋಗೋಣ. ಹೆಸರು ಡಬ್ಲ್ಯುಎಫ್‌ಎಸ್1. 1938ರಲ್ಲಿ ವೊಲ್ಫ್ರಾಮ್ ಮತ್ತು ವ್ಯಾಗನರ್ ಅನ್ನುವ ಇಬ್ಬರು ವೈದ್ಯರು ಒಂದೇ ಮನೆಯ ನಾಲ್ಕು ಒಡಹುಟ್ಟಿದವರ ಬಗ್ಗೆ ಬರೆದರು. ನಾಲ್ವರಿಗೂ ಚಿಕ್ಕ ವಯಸ್ಸಿನಲ್ಲೇ ಸಕ್ಕರೆ ಕಾಯಿಲೆ, ಜೊತೆಗೆ ಕಣ್ಣಿನ ನರ ಒಣಗಿ ದೃಷ್ಟಿ ಹೋಗುತ್ತಿತ್ತು. ಇದೇ ವೊಲ್ಫ್ರಾಮ್ ಸಿಂಡ್ರೋಮ್. ಇದಕ್ಕೆ ಕಾರಣವಾದ ಈ ಜೀನ್ 4ನೇ ಕ್ರೋಮೊಸೋಮ್‌ನಲ್ಲಿ ಸಿಕ್ಕಿದ್ದು 1998ರಲ್ಲಿ.

ಈ ಜೀನ್ ಕೆಟ್ಟಾಗ ಕೋಶದಲ್ಲಿ ಆಗುತ್ತದೆ ಅನ್ನುವ ಸ್ಟ್ರೆಸ್ ಅಂದರೆ ಏನು ಅಂತ ಮೊದಲು ನೋಡಿ. ಮನಸ್ಸಿನ ಒತ್ತಡಕ್ಕೂ ಇದಕ್ಕೂ ಸಂಬಂಧ ಇಲ್ಲ. ಕೋಶದೊಳಗೆ ಎಂಡೋಪ್ಲಾಸ್ಮಿಕ್ ರೆಟಿಕುಲಮ್ ಅನ್ನುವ ಜಾಗ ಇದೆ, ಚಿಕ್ಕದಾಗಿ ಇಆರ್ ಅನ್ನುತ್ತಾರೆ. ಹೊರಗೆ ಕಳಿಸಬೇಕಾದ ಪ್ರೋಟೀನ್‌ಗಳು ಸರಿಯಾದ ಆಕಾರಕ್ಕೆ ಮಡಚಿಕೊಳ್ಳುವುದು ಇಲ್ಲೇ. ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳು ರಾಶಿ ರಾಶಿ ಇನ್ಸುಲಿನ್ ಮಾಡುತ್ತವಲ್ಲ, ಅವುಗಳ ಇಆರ್‌ಗೆ ಸದಾ ಕೆಲಸ ಜಾಸ್ತಿ. ಸರಿಯಾಗಿ ಮಡಚದ ಪ್ರೋಟೀನ್ ಅಲ್ಲಿ ಗುಡ್ಡೆ ಬಿದ್ದರೆ ಪರ್ಕ್, ಐಆರ್‌ಇ1, ಎಟಿಎಫ್6 ಅನ್ನುವ ಮೂರು ಸೆನ್ಸರ್‌ಗಳು ಎಚ್ಚರ ಆಗುತ್ತವೆ. ಹೊಸ ಪ್ರೋಟೀನ್ ಮಾಡುವುದು ನಿಧಾನ ಆಗುತ್ತದೆ, ಮಡಚಲು ನೆರವಾಗುವ ಪ್ರೋಟೀನ್‌ಗಳು ಹೆಚ್ಚುತ್ತವೆ. ಅಷ್ಟಾದರೂ ಸರಿಹೋಗದಿದ್ದರೆ ಕೋಶ ತನ್ನನ್ನೇ ಕೊಂದುಕೊಳ್ಳುತ್ತದೆ. ಇದು ಇಆರ್ ಸ್ಟ್ರೆಸ್. ಮೈಟೋಕಾಂಡ್ರಿಯಾದ ಸ್ಟ್ರೆಸ್, ಆಕ್ಸಿಡೇಟಿವ್ ಸ್ಟ್ರೆಸ್ ಬೇರೆ. ಯಾವ ಸ್ಟ್ರೆಸ್ ಅಂತ ಹೇಳದೆ ಬರೀ "ಸ್ಟ್ರೆಸ್" ಅಂತ ಬರೆದ ಲೇಖನವನ್ನು ನಾನಂತೂ ಅಲ್ಲಿಗೇ ಬಿಟ್ಟು ಮೂಲ ಪೇಪರ್ ಹುಡುಕುತ್ತೇನೆ.

ಈಗ ಮೊದಲ ಪ್ರಶ್ನೆ: ಜೀನ್‌ಗೂ ಕಾಯಿಲೆಗೂ ಎಂಥ ಸಂಬಂಧ? "ಲಿಂಕ್" ಅನ್ನುವ ಒಂದೇ ಮಾತಲ್ಲಿ ತುಂಬ ಬೇರೆ ಬೇರೆ ಸಂಗತಿಗಳನ್ನು ತುರುಕುತ್ತಾರೆ. ಡಬ್ಲ್ಯುಎಫ್‌ಎಸ್1 ವಿಷಯದಲ್ಲೇ ಮೂರು ಥರ ಇದೆ ನೋಡಿ. ಅಪ್ಪನಿಂದ ಒಂದು, ಅಮ್ಮನಿಂದ ಒಂದು ಬಂದ ಎರಡೂ ಪ್ರತಿಗಳು ಕೆಟ್ಟರೆ ವೊಲ್ಫ್ರಾಮ್ ಸಿಂಡ್ರೋಮ್ ಬರುತ್ತದೆ. ಇದೇ ಜೀನ್‌ನ ಬೇರೆ ಕೆಲವು ಬದಲಾವಣೆಗಳು ಒಂದು ಪ್ರತಿಯಲ್ಲಿದ್ದರೂ ಸಾಕು, ದಪ್ಪ ದನಿಯ ಶಬ್ದಗಳು ಕೇಳಿಸದಂತೆ ಆಗುತ್ತದೆ, ಸಕ್ಕರೆ ಕಾಯಿಲೆ ಇರಲೇಬೇಕು ಅಂತೇನಿಲ್ಲ. ಇನ್ನು ಜನರಲ್ಲಿ ಸಾಮಾನ್ಯವಾಗಿ ಕಾಣುವ ಕೆಲವು ಬದಲಾವಣೆಗಳು ಟೈಪ್ 2 ಸಕ್ಕರೆ ಕಾಯಿಲೆಯ ಸಾಧ್ಯತೆಯನ್ನು ಒಂಚೂರು ಹೆಚ್ಚಿಸುತ್ತವೆ ಅಷ್ಟೇ, ಇದು 2007ರಲ್ಲಿ ಗೊತ್ತಾಯಿತು. ಮೂರಕ್ಕೂ "ಜೀನ್‌ಗೂ ಕಾಯಿಲೆಗೂ ನಂಟು" ಅಂತ ಒಂದೇ ಹೆಡ್‌ಲೈನ್ ಹಾಕಬಹುದು. ಆದರೆ ಓದುವವರಿಗೆ ಮೂರರ ಅರ್ಥ ಬೇರೆ. ಹಾಗಾಗಿ ಕುಟುಂಬಗಳನ್ನು ಇಟ್ಟುಕೊಂಡು ಮಾಡಿದ ಅಧ್ಯಯನವೋ, ಸಾವಿರಾರು ಜನರ ಡಿಎನ್‌ಎ ಹೋಲಿಸಿ ನೋಡಿದ್ದೋ ಅಂತ ಮೊದಲು ಹುಡುಕಿ.

ಸಾವಿರಾರು ಜನರದ್ದಾದರೆ ಎರಡು ವಿಷಯ ಗಮನಿಸಿ. ಇಡೀ ಜೀನೋಮ್ ಜಾಲಾಡುವ ಅಧ್ಯಯನಗಳಲ್ಲಿ ಪಿ ಮೌಲ್ಯ (ನಂಟು ನಿಜಕ್ಕೂ ಇಲ್ಲದಿದ್ದರೂ ಇಂಥ ಫಲಿತಾಂಶ ಆಕಸ್ಮಿಕವಾಗಿ ಸಿಗುವ ಸಾಧ್ಯತೆ) 0.05 ಇದ್ದರೆ ಸಾಲದು, ಅದು 0.00000005ಕ್ಕಿಂತ ಕಡಿಮೆ ಇರಬೇಕು, ಯಾಕೆಂದರೆ ಲಕ್ಷಗಟ್ಟಲೆ ಜಾಗಗಳನ್ನು ಒಟ್ಟಿಗೆ ಪರೀಕ್ಷೆ ಮಾಡುವಾಗ ಸುಮ್ಮನೆ ಆಕಸ್ಮಿಕವಾಗಿ ಸಿಗುವ ನಂಟುಗಳೇ ರಾಶಿ ಬೀಳುತ್ತವೆ. ಎರಡನೆಯದು, ಆ ಬದಲಾವಣೆ ಯಾವ ಜೀನ್ ಮೇಲೆ ಪರಿಣಾಮ ಮಾಡುತ್ತಿದೆ ಅನ್ನುವುದು. ಹತ್ತಿರ ಇರುವ ಜೀನ್‌ನ ಹೆಸರನ್ನೇ ಹಾಕುವುದು ರೂಢಿ, ಆದರೆ ಅದೇ ಅಪರಾಧಿ ಆಗಿರಬೇಕೆಂದಿಲ್ಲ. 2007ರಲ್ಲಿ ಬೊಜ್ಜಿನ ಜೊತೆ ಎಫ್‌ಟಿಒ ಜೀನ್ ಹೆಸರು ಬಂತು. ಆಮೇಲೆ 2014 ಮತ್ತು 2015ರ ಕೆಲಸಗಳಿಂದ ಗೊತ್ತಾಗಿದ್ದೇನೆಂದರೆ, ಎಫ್‌ಟಿಒ ಒಳಗಿನ ಆ ಡಿಎನ್‌ಎ ತುಂಡು ತುಂಬ ದೂರದಲ್ಲಿರುವ ಐಆರ್‌ಎಕ್ಸ್3, ಐಆರ್‌ಎಕ್ಸ್5 ಅನ್ನುವ ಜೀನ್‌ಗಳನ್ನು ನಿಯಂತ್ರಿಸುತ್ತದೆ.

ಇದಾದ ಮೇಲೆ ಎರಡನೇ ಮಾತಿಗೆ ಬನ್ನಿ, ಸ್ಟ್ರೆಸ್‌ಗೆ. ನಿಜವಾದ ಕಷ್ಟ ಇರುವುದು ಇಲ್ಲೇ.

ಸಾಯುತ್ತಿರುವ ಕೋಶದಲ್ಲಿ ಸ್ಟ್ರೆಸ್ ಕಾಣಿಸುವುದು ಸಹಜ. ಸ್ಟ್ರೆಸ್‌ನಿಂದ ಸಾಯುತ್ತಿದೆಯೋ, ಸಾಯುತ್ತಿರುವುದಕ್ಕೆ ಸ್ಟ್ರೆಸ್ ಇದೆಯೋ? ಇದನ್ನು ಬಿಡಿಸದೆ "ಸ್ಟ್ರೆಸ್ ಕಾರಣ" ಅಂತ ಬರೆಯುವುದು ಸರಿಯಲ್ಲ. ಪೇಪರ್‌ನ ಚಿತ್ರಗಳನ್ನು ತೆರೆದು, ಏನು ಅಳೆದಿದ್ದಾರೆ ಅಂತ ನೋಡಿ. ಬಿಪ್, ಚಾಪ್, ಎಟಿಎಫ್4 ಅನ್ನುವ ಹೆಸರುಗಳು ಸಿಗುತ್ತವೆ, ಇವು ಇಆರ್ ಸ್ಟ್ರೆಸ್ ಆದಾಗ ಕೋಶದಲ್ಲಿ ಏರುವ ಪ್ರೋಟೀನ್‌ಗಳು. ಒಂದೇ ಒಂದನ್ನು ಅಳೆದು ನಿಲ್ಲಿಸಿದ್ದರೆ ನಂಬಿಕೆ ಕಡಿಮೆ ಇಡಿ, ಯಾಕೆಂದರೆ ಎಟಿಎಫ್4 ಥರದವು ಇಆರ್‌ಗೆ ಸಂಬಂಧ ಇಲ್ಲದ ತೊಂದರೆಗಳಿಗೂ ಏರುತ್ತವೆ, ಅಮೈನೋ ಆಮ್ಲ ಕಡಿಮೆಯಾದರೂ ಸಾಕು. ನನಗೆ ಹೆಚ್ಚು ಇಷ್ಟವಾದದ್ದು ಎಕ್ಸ್‌ಬಿಪಿ1 ಪರೀಕ್ಷೆ. ಇಆರ್ ಸ್ಟ್ರೆಸ್ ಆದಾಗ ಐಆರ್‌ಇ1 ಎಚ್ಚೆತ್ತು ಎಕ್ಸ್‌ಬಿಪಿ1 ಅನ್ನುವ ಜೀನ್‌ನ ಆರ್‌ಎನ್‌ಎಯಿಂದ (ಪ್ರೋಟೀನ್ ಮಾಡಲು ಬಳಸುವ ಜೀನ್‌ನ ನಕಲು) ಸರಿಯಾಗಿ 26 ಅಕ್ಷರ ಕತ್ತರಿಸಿ ತೆಗೆಯುತ್ತದೆ. ತುಂಡುಗಳನ್ನು ಉದ್ದದ ಪ್ರಕಾರ ಬೇರೆ ಮಾಡಿ ತೋರಿಸುವ ಜೆಲ್ ಚಿತ್ರದಲ್ಲಿ ಅದು ಎರಡು ಗೆರೆಗಳಾಗಿ ಕಾಣುತ್ತದೆ: ಮೇಲಿನದು ಕತ್ತರಿಸದ್ದು, ಸ್ವಲ್ಪ ಕೆಳಗಿನದು ಕತ್ತರಿಸಿದ್ದು. ರೋಗಿಯ ಕೋಶದ ಸಾಲಲ್ಲಿ ಕೆಳಗಿನ ಗೆರೆ ದಪ್ಪಗಿದ್ದು, ಆರೋಗ್ಯವಂತರ ಸಾಲಲ್ಲಿ ತೆಳ್ಳಗಿದೆಯಾ? ಟ್ಯೂನಿಕಮೈಸಿನ್ ಹಾಕಿದ ಸಾಲು ಪಕ್ಕದಲ್ಲಿ ಇದೆಯಾ? ಅದು ಬೇಕಂತಲೇ ಇಆರ್ ಸ್ಟ್ರೆಸ್ ತರಿಸುವ ರಾಸಾಯನಿಕ. ಅದಕ್ಕೂ ಗೆರೆ ಬದಲಾಗದಿದ್ದರೆ ಪರೀಕ್ಷೆಯೇ ಕೆಲಸ ಮಾಡಿಲ್ಲ ಅಂತ.

ಯಾವ ಕೋಶ ಅನ್ನುವುದನ್ನೂ ಬಿಡಬೇಡಿ. ಸಕ್ಕರೆ ಕಾಯಿಲೆ ಬಗ್ಗೆ ಮಾತಾಡಿ ಪ್ರಯೋಗ ಪೂರ್ತಿ ಹೀಲಾ ಕೋಶಗಳಲ್ಲೇ (ಲ್ಯಾಬ್‌ಗಳಲ್ಲಿ ಬೆಳೆಸುವ ಕ್ಯಾನ್ಸರ್ ಕೋಶಗಳು) ಮಾಡಿದ್ದರೆ ಅನುಮಾನ ಪಡಿ, ಅವು ಇನ್ಸುಲಿನ್ ಮಾಡುವುದೇ ಇಲ್ಲ. ಇನ್ನೊಂದು ಬಲೆ ಇದೆ: ಇಆರ್‌ನಲ್ಲೇ ಇರುವ ಪ್ರೋಟೀನ್ ಒಂದನ್ನು ಕೋಶದೊಳಗೆ ಬಲವಂತವಾಗಿ ವಿಪರೀತ ಮಾಡಿಸಿದರೆ, ಅದು ಸರಿಯಾದ ಪ್ರೋಟೀನ್ ಆಗಿದ್ದರೂ ಇಆರ್ ಸ್ಟ್ರೆಸ್ ಬರಬಹುದು. ಹಾಗಾಗಿ ಕೆಟ್ಟ ರೂಪದ ಪಕ್ಕದಲ್ಲಿ ಸರಿಯಾದ ರೂಪವನ್ನೂ ಅಷ್ಟೇ ಪ್ರಮಾಣದಲ್ಲಿ ಮಾಡಿಸಿ ಹೋಲಿಸಿದ್ದಾರಾ ಅಂತ ನೋಡಿ.

ಇಷ್ಟೆಲ್ಲ ಓದುವಷ್ಟು ಸಮಯ ಇಲ್ಲ ಅಂದರೆ ಒಂದೇ ಪ್ರಯೋಗ ಹುಡುಕಿ, ಜೀನ್ ಸರಿಮಾಡಿದಾಗ ಏನಾಯಿತು ಅನ್ನುವುದು. 2020ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ತಂಡ ವೊಲ್ಫ್ರಾಮ್ ರೋಗಿಯ ಕೋಶಗಳಿಂದ ಕಾಂಡಕೋಶ (ಯಾವ ಥರದ ಕೋಶವಾಗಿಯೂ ಬೆಳೆಸಬಹುದಾದ ಕೋಶ) ಮಾಡಿ, ಡಿಎನ್‌ಎ ತಿದ್ದುವ ಕ್ರಿಸ್ಪರ್ ತಂತ್ರದಿಂದ ಆ ಜೀನ್ ಮಾತ್ರ ಸರಿಪಡಿಸಿ, ಬೀಟಾ ಕೋಶಗಳಾಗಿ ಬೆಳೆಸಿತು. ಸರಿಪಡಿಸಿದ ಕೋಶಗಳನ್ನು ಸಕ್ಕರೆ ಕಾಯಿಲೆ ಇರುವ ಇಲಿಗಳಿಗೆ ಹಾಕಿದಾಗ ಅವುಗಳ ಸಕ್ಕರೆ ಹತೋಟಿಗೆ ಬಂತು. ಸರಿಪಡಿಸದವು ಅಷ್ಟು ಕೆಲಸ ಮಾಡಲಿಲ್ಲ. ಒಬ್ಬರದೇ ಕೋಶ, ವ್ಯತ್ಯಾಸ ಆ ಜೀನ್ ಒಂದೇ. ಜೀನ್ ಬಗ್ಗೆ ಇದಕ್ಕಿಂತ ನೇರವಾದ ಪುರಾವೆ ಸಿಗುವುದು ಕಷ್ಟ. ಸ್ಟ್ರೆಸ್ ಬಗ್ಗೆ ಇದೇ ಥರ ಕೇಳಬೇಕೆಂದರೆ, ಜೀನ್ ಕೆಟ್ಟೇ ಇರಲಿ, ಸ್ಟ್ರೆಸ್ ಮಾತ್ರ ಇಳಿಸಿದರೆ ಕೋಶ ಉಳಿಯುತ್ತದಾ ಅಂತ ನೋಡಬೇಕು. 2014ರಲ್ಲಿ ಇನ್ನೊಂದು ತಂಡ ರೋಗಿಗಳ ಚರ್ಮದ ಕೋಶದಿಂದ ಬೆಳೆಸಿದ ಬೀಟಾ ಕೋಶಗಳಿಗೆ, ಪ್ರೋಟೀನ್ ಮಡಚಲು ನೆರವಾಗುವ 4-ಫಿನೈಲ್‌ಬ್ಯುಟಿರೇಟ್ ಕೊಟ್ಟಾಗ ಸ್ಟ್ರೆಸ್ ಇಳಿದು, ಇನ್ಸುಲಿನ್ ಮಾಡುವುದು ಸುಧಾರಿಸಿತು.

ಆದರೂ ತಟ್ಟೆಯಲ್ಲಿ ಕೋಶ ಉಳಿದರೆ ಮನುಷ್ಯರಲ್ಲಿ ಔಷಧ ಸಿಕ್ಕಿತು ಅಂತ ಅಲ್ಲ. ಇಆರ್‌ನಿಂದ ಕ್ಯಾಲ್ಸಿಯಂ ಸೋರುವುದನ್ನು ತಡೆಯುವ ಡ್ಯಾಂಟ್ರೋಲಿನ್ ಪ್ರಯೋಗಾಲಯದಲ್ಲಿ ಚೆನ್ನಾಗಿ ಕೆಲಸ ಮಾಡಿತ್ತು. ರೋಗಿಗಳ ಮೇಲಿನ ಸಣ್ಣ ಪ್ರಯೋಗದ ಫಲಿತಾಂಶ 2021ರಲ್ಲಿ ಬಂದಾಗ, ಔಷಧವನ್ನು ಅವರ ದೇಹ ತಡೆದುಕೊಂಡಿತ್ತು, ಆದರೆ ಒಟ್ಟಾರೆ ಬೀಟಾ ಕೋಶಗಳ ಕೆಲಸದಲ್ಲಿ ಗಣನೀಯ ಸುಧಾರಣೆ ಕಂಡಿರಲಿಲ್ಲ. ಈ ಕುಟುಂಬಗಳು ಎಷ್ಟು ಆಸೆ ಇಟ್ಟುಕೊಂಡು ಕಾಯುತ್ತಿರುತ್ತವೆ ಅಂತ ನೆನೆದರೆ, ಇಲಿಯ ಫಲಿತಾಂಶಕ್ಕೆ "ಚಿಕಿತ್ಸೆ ಸಿಕ್ಕಿತು" ಅಂತ ಹೆಡ್‌ಲೈನ್ ಹಾಕುವವರ ಮೇಲೆ ನಿಜವಾಗಲೂ ಸಿಟ್ಟು ಬರುತ್ತದೆ.

ನಿಮ್ಮದೇ ಜೀನ್ ಟೆಸ್ಟ್ ರಿಪೋರ್ಟ್‌ನಲ್ಲಿ ಇಂಥ ಜೀನ್‌ನ ಹೆಸರು ಬಂದಿದ್ದರೆ, ಜೀನ್‌ನ ಹೆಸರಿಗಿಂತ ಪಕ್ಕದಲ್ಲಿರುವ ಬದಲಾವಣೆಯ ಸಂಕೇತ ಮುಖ್ಯ. ಅದನ್ನು ಕ್ಲಿನ್‌ವಾರ್ ಅನ್ನುವ ಉಚಿತ ಡೇಟಾಬೇಸ್‌ನಲ್ಲಿ ಹಾಕಿ ನೋಡಿ. ಕಾಯಿಲೆ ತರುವಂಥದ್ದು, ತೊಂದರೆ ಇಲ್ಲದ್ದು, ಇನ್ನೂ ಅರ್ಥ ತಿಳಿಯದ್ದು ಅಂತ ಅಲ್ಲಿ ವಿಂಗಡಿಸಿರುತ್ತಾರೆ. ನೊಮ್ಯಾಡ್ (gnomAD) ಅನ್ನುವ ಇನ್ನೊಂದರಲ್ಲಿ ಆ ಬದಲಾವಣೆ ಜನರಲ್ಲಿ ಎಷ್ಟು ಸಾಮಾನ್ಯ ಅಂತ ಸಿಗುತ್ತದೆ. ಅಪರೂಪದ ಕಾಯಿಲೆ ತರುತ್ತದೆ ಅನ್ನುವ ಬದಲಾವಣೆ ನೂರಕ್ಕೆ ಐದು ಜನರಲ್ಲಿ ಇದ್ದರೆ ಆ ಮಾತು ನಂಬುವಂಥದ್ದಲ್ಲ. ಒಂದೇ ಪ್ರತಿಯಲ್ಲಿದೆಯೋ ಎರಡರಲ್ಲೂ ಇದೆಯೋ ಅನ್ನುವುದನ್ನು ಮರೆಯದೆ ನೋಡಿ. ಆಮೇಲೆ ಆ ರಿಪೋರ್ಟ್ ಹಿಡಿದುಕೊಂಡು ಜೆನೆಟಿಕ್ ಕೌನ್ಸೆಲರ್ ಹತ್ತಿರ ಹೋಗಿ. "ಅರ್ಥ ತಿಳಿಯದ್ದು" ಅಂತ ಬಂದಿದ್ದರೆ ಅದರ ಮೇಲೆ ಯಾವ ನಿರ್ಧಾರವನ್ನೂ ಮಾಡಬೇಡಿ, ವರ್ಷ ಎರಡು ವರ್ಷ ಬಿಟ್ಟು ಮತ್ತೆ ಪರಿಶೀಲಿಸಲು ಕೇಳಿ. ಹೊಸ ಪುರಾವೆ ಬಂದ ಹಾಗೆ ಈ ವಿಂಗಡಣೆ ಬದಲಾಗುತ್ತಿರುತ್ತದೆ.